ಬೆನ್ನು ಕಾಯುವ ಬಗೆ: ಜಾತ್ರೆಯ ಹೊರೆಯಿಂದ ದಾಸೋಹದ ಪಂಕ್ತಿಯವರೆಗೆ

ಪುಷ್ಯ ಮಾಸ ಸಮೀಪಿಸಿತೆಂದರೆ ದೊಡ್ಡಬಳ್ಳಾಪುರ ತಾಲ್ಲೂಕಿನ ಘಾಟಿ ಸುಬ್ರಹ್ಮಣ್ಯದ ಬಯಲು ದನಗಳ ಜಾತ್ರೆಗೆ ಸಜ್ಜಾಗತೊಡಗುತ್ತದೆ. ಹಳ್ಳಿಕಾರ್ ಹೋರಿಗಳನ್ನು ಸಿಂಗರಿಸಿಕೊಂಡು ಬರುವ ರೈತರು ಚಪ್ಪರ ಹಾಕುತ್ತಾರೆ, ಗೂಟ ಬಡಿಯುತ್ತಾರೆ, ಹುಲ್ಲಿನ ಹೊರೆಗಳನ್ನೂ ಬೂಸಾ ಚೀಲಗಳನ್ನೂ ಗಾಡಿಯಿಂದ ಇಳಿಸುತ್ತಾರೆ, ಬಿಂದಿಗೆ ಬಿಂದಿಗೆಯಾಗಿ ನೀರು ಹೊರುತ್ತಾರೆ. ಶುದ್ಧ ಷಷ್ಠಿಯ ಬ್ರಹ್ಮರಥೋತ್ಸವಕ್ಕೆ ಸಾವಿರಾರು ಭಕ್ತರು ಸೇರುತ್ತಾರೆ. ಸಂತಾನವನ್ನು ಬೇಡಿ ನಾಗರ ಪ್ರತಿಷ್ಠೆ ಮಾಡಿಸುವ ಕುಟುಂಬಗಳ ಶಿಲೆಗಳು ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಸಾಗುತ್ತವೆ. ಈ ಎಲ್ಲ ಸಂಭ್ರಮವೂ ನಿಂತಿರುವುದು ಬಾಗುವ, ಎತ್ತುವ, ಹೊರುವ ದುಡಿಮೆಯ ಮೇಲೆ. ಜಾತ್ರೆ ಮುಗಿದ ವಾರದಲ್ಲಿ ಸೊಂಟ ಹಿಡಿದುಕೊಂಡು ವೈದ್ಯರ ಬಾಗಿಲಿಗೆ ಬರುವವರು ಹೆಚ್ಚುವುದನ್ನು ನಾವು ವರ್ಷವರ್ಷವೂ ಕಾಣುತ್ತಿದ್ದೇವೆ.

ಹಾಗೆ ಬರುವವರಲ್ಲಿ ಬಹುಮಂದಿಯ ಪ್ರಶ್ನೆ ಒಂದೇ. “ಸ್ವಾಮೀ, ಮೂಟೆಗಟ್ಟಲೆ ರಾಗಿ ಹೊತ್ತವನು ನಾನು. ಅಂದು ಏನೂ ಆಗಲಿಲ್ಲ. ನೆನ್ನೆ ಬೆಳಿಗ್ಗೆ ಒಂದು ಬಕೆಟ್ ನೀರೆತ್ತಲು ಬಾಗಿದೆ, ಅಷ್ಟೇ, ನಡು ಹಿಡಿದುಬಿಟ್ಟಿತು. ಇದು ಹೇಗೆ?” ಪ್ರಶ್ನೆ ನ್ಯಾಯವಾದುದೇ. ಬೆನ್ನನ್ನು ಕೆಡಿಸುವುದು ಹೊರೆಯ ತೂಕವೊಂದೇ ಅಲ್ಲ. ಹೊರೆಯು ದೇಹದಿಂದ ಎಷ್ಟು ದೂರವಿದೆ, ಎತ್ತುವಾಗ ನಡು ತಿರುಚಿತೇ, ಎತ್ತಿದ ಹೊತ್ತು ಯಾವುದು, ಈ ಮೂರೂ ತೂಕದಷ್ಟೇ, ಒಮ್ಮೊಮ್ಮೆ ತೂಕಕ್ಕಿಂತಲೂ ಮುಖ್ಯ. ಇದನ್ನು ಅರಿತವರು ದುಡಿಮೆಯನ್ನು ಬಿಡದೆಯೇ ಬೆನ್ನನ್ನು ಕಾಪಾಡಿಕೊಳ್ಳಬಲ್ಲರು.

ಬೆನ್ನಿನ ರಚನೆ

ನಮ್ಮ ಬೆನ್ನುಮೂಳೆಯಲ್ಲಿ ಕತ್ತಿನ ಏಳು, ಎದೆಯ ಭಾಗದ ಹನ್ನೆರಡು, ಸೊಂಟದ ಐದು, ಹೀಗೆ ಚಲಿಸುವ 24 ಕಶೇರುಕಗಳಿವೆ. ಅವುಗಳ ಕೆಳಗೆ ಒಂದಾಗಿ ಬೆಸೆದುಕೊಂಡ ತ್ರಿಕಾಸ್ಥಿ ಮತ್ತು ಬಾಲಾಸ್ಥಿಗಳಿವೆ. ಎರಡು ಕಶೇರುಕಗಳ ನಡುವೆ ಮೆತ್ತೆಯಂತೆ ಕುಳಿತಿರುವುದೇ ಡಿಸ್ಕ್. ಇದರ ಹೊರಭಾಗ ಈರುಳ್ಳಿಯ ಪದರಗಳಂತೆ ಸುತ್ತಿಕೊಂಡ ಗಟ್ಟಿ ನಾರು, ಒಳಭಾಗ ನೀರಿನಂಶ ತುಂಬಿದ ಲೋಳೆ. ಬಾಗಿದಾಗ ಮುಂಭಾಗ ಒತ್ತಲ್ಪಟ್ಟು ಒಳಗಿನ ಲೋಳೆ ಹಿಂದಕ್ಕೆ ತಳ್ಳಲ್ಪಡುತ್ತದೆ. ವರ್ಷಾನುಗಟ್ಟಲೆ ಹೀಗೆ ತಳ್ಳಿಸಿಕೊಂಡ ನಾರಿನ ಪದರಗಳು ಒಂದೊಂದಾಗಿ ಬಿರಿಯುತ್ತವೆ. ಕಡೆಗೊಂದು ದಿನ ಉಬ್ಬಿದ ಭಾಗವು ಪಕ್ಕದ ನರವನ್ನು ಒತ್ತುತ್ತದೆ. ಬಕೆಟ್ ಎತ್ತಿದ ಆ ಬೆಳಗು ಕೊನೆಯ ಎಳೆ ಹರಿದ ಗಳಿಗೆ ಮಾತ್ರ. ಹಗ್ಗ ಸವೆಯುತ್ತಿದ್ದುದು ಬಹಳ ಹಿಂದಿನಿಂದ.

ಪ್ರಾಯದವರ ಡಿಸ್ಕಿಗೆ ನೇರವಾದ ರಕ್ತಸಂಚಾರ ಬಹುಮಟ್ಟಿಗೆ ಇಲ್ಲ ಎಂಬುದನ್ನೂ ಇಲ್ಲಿ ನೆನೆಯಬೇಕು. ಸುತ್ತಲಿನ ಮೂಳೆಯಿಂದ ಸೋಸಿ ಬರುವ ಪೋಷಣೆಯೇ ಅದರ ಆಹಾರ. ಒತ್ತಡ ಬಂದಾಗ ಹಿಂಡಿಕೊಂಡು, ಬಿಟ್ಟಾಗ ಹೀರಿಕೊಂಡು ಅದು ಬದುಕುತ್ತದೆ. ಆದುದರಿಂದ ಸದಾ ಕುಳಿತಿರುವವನ ಬೆನ್ನೂ ಸದಾ ಹೊರುವವನ ಬೆನ್ನಿನಂತೆಯೇ ಕೆಡುತ್ತದೆ. ಮಿತವಾದ ಚಲನೆಯೇ ಬೆನ್ನಿಗೆ ಅನ್ನ.

ಹಾರೆಯ ಲೆಕ್ಕ

ಹೊಲದಲ್ಲಿ ಬಂಡೆ ಎಬ್ಬಿಸುವವರಿಗೆ ಹಾರೆಯ ಲೆಕ್ಕ ಗೊತ್ತು. ಉದ್ದನೆಯ ತುದಿಯನ್ನು ಹಿಡಿದರೆ ಸಣ್ಣ ಬಲಕ್ಕೂ ದೊಡ್ಡ ಕಲ್ಲು ಅಲುಗುತ್ತದೆ. ನಮ್ಮ ಸೊಂಟದಲ್ಲಿ ಈ ಲೆಕ್ಕ ತಿರುವುಮುರುವಾಗಿದೆ. ಹೊರೆ ಇರುವುದು ಉದ್ದನೆಯ ತುದಿಯಲ್ಲಿ, ಬೆನ್ನಿನ ಸ್ನಾಯುಗಳಿರುವುದು ಗಿಡ್ಡ ತುದಿಯಲ್ಲಿ. ಆ ಸ್ನಾಯುಗಳು ಕೀಲಿನ ಮಧ್ಯದಿಂದ ಸುಮಾರು 5 ಸೆಂಟಿಮೀಟರ್ ಹಿಂದೆ ನಿಂತು ಎಳೆಯುತ್ತವೆ. ಹತ್ತು ಕಿಲೋ ತೂಗುವ ಬಕೆಟ್ಟನ್ನು 50 ಸೆಂಟಿಮೀಟರ್ ದೂರದಲ್ಲಿ ಕೈಚಾಚಿ ಎತ್ತಿದರೆ ಸ್ನಾಯುಗಳು ಅದರ ಹತ್ತರಷ್ಟು, ಅಂದರೆ ನೂರು ಕಿಲೋ ತೂಕಕ್ಕೆ ಸಮನಾದ ಬಲದಿಂದ ಎಳೆಯಬೇಕು. ಅದೇ ಬಕೆಟ್ಟನ್ನು 20 ಸೆಂಟಿಮೀಟರ್ ಸಮೀಪಕ್ಕೆ ತಂದುಕೊಂಡರೆ ನಲವತ್ತು ಕಿಲೋ ಸಾಕು. ಇದರ ಮೇಲೆ ಬಾಗಿದ ನಮ್ಮ ತಲೆ, ತೋಳು, ಎದೆಯ ಭಾರವೂ ಸೇರುತ್ತದೆ. ನೆಲಕ್ಕೆ ಬಿದ್ದ ಪೆನ್ನನ್ನು ಎತ್ತುವಾಗಲೂ ನಡು ಹಿಡಿಯುವುದು ಇದಕ್ಕಾಗಿ. ಅಲ್ಲಿ ಪೆನ್ನು ಭಾರವಲ್ಲ, ಬಾಗಿದ ಮೈಯೇ ಭಾರ.

ಜರ್ಮನಿಯ ಉಲ್ಮ್ ನಗರದ ಸಂಶೋಧಕರು ಒಬ್ಬ ಸ್ವಯಂಸೇವಕರ ಸೊಂಟದ ಡಿಸ್ಕಿನೊಳಗೆ ಒತ್ತಡದ ಮಾಪಕವನ್ನಿಟ್ಟು, ಅವರ ನಿತ್ಯದ ಚಲನೆಗಳನ್ನೆಲ್ಲ ಅಳೆದು 1999ರಲ್ಲಿ ಪ್ರಕಟಿಸಿದರು. ಸುಮ್ಮನೆ ನಿಂತಾಗಿನ ಒತ್ತಡವನ್ನು ಒಂದು ಪಾಲು ಎಂದಿಟ್ಟುಕೊಳ್ಳೋಣ. ಅಂಗಾತ ಮಲಗಿದಾಗ ಅದು ಐದನೆಯ ಒಂದಕ್ಕೆ ಇಳಿಯಿತು. ಇಪ್ಪತ್ತು ಕಿಲೋ ಹೊರೆಯನ್ನು ಎದೆಗೆ ಸಮೀಪವಾಗಿ ಹಿಡಿದು ನಿಂತಾಗ ಎರಡು ಪಾಲಿಗಿಂತ ಸ್ವಲ್ಪ ಹೆಚ್ಚಾಯಿತು. ಅದೇ ಹೊರೆಯನ್ನು 60 ಸೆಂಟಿಮೀಟರ್ ದೂರ ಚಾಚಿ ಹಿಡಿದಾಗ ಮೂರೂವರೆ ಪಾಲು ದಾಟಿತು. ಬೆನ್ನನ್ನು ಬಿಲ್ಲಿನಂತೆ ಬಾಗಿಸಿ ನೆಲದಿಂದ ಎತ್ತಿದಾಗ ನಾಲ್ಕೂವರೆ ಪಾಲಿಗೆ ಮುಟ್ಟಿತು. ಮೊಣಕಾಲು ಮಡಿಸಿ, ಬೆನ್ನು ನೇರವಿಟ್ಟು ಎತ್ತಿದಾಗ ಸುಮಾರು ಮೂರೂವರೆ ಪಾಲಿನಲ್ಲಿ ನಿಂತಿತು. ಒಬ್ಬರ ಮೇಲೆ ಮಾಡಿದ ಅಳತೆಯಾದರೂ ಇದು ತೋರಿಸುವ ದಾರಿ ಸ್ಪಷ್ಟ. ಹೊರೆ ಅದೇ, ಮನುಷ್ಯ ಅವನೇ. ಎತ್ತುವ ಬಗೆ ಬದಲಾದುದಕ್ಕೆ ಬೆನ್ನಿನ ಕಷ್ಟ ಕಡಿಮೆಯಾಯಿತು.

ಶಾಸ್ತ್ರದ ಎಚ್ಚರಿಕೆ

ನಮ್ಮ ಪೂರ್ವಾಚಾರ್ಯರು ಮಾಪಕವಿಲ್ಲದೆಯೂ ಈ ವಿಷಯವನ್ನು ಚೆನ್ನಾಗಿ ಬಲ್ಲವರಾಗಿದ್ದರು. ಚರಕ ಸಂಹಿತೆಯ ನಿದಾನಸ್ಥಾನದಲ್ಲಿ ದೇಹವನ್ನು ಸೊರಗಿಸುವ ಶೋಷರೋಗಕ್ಕೆ ನಾಲ್ಕು ಕಾರಣಗಳನ್ನು ಹೇಳಿದೆ. ಅವುಗಳಲ್ಲಿ ಮೊದಲನೆಯದು ‘ಸಾಹಸ’. ಇಂದಿನ ಮಾತಿನಲ್ಲಿ ಸಾಹಸವೆಂದರೆ ಮೆಚ್ಚುವ ಗುಣ. ಆಯುರ್ವೇದದಲ್ಲಿ ಅದರ ಅರ್ಥ ತನ್ನ ಬಲವನ್ನು ಮೀರಿ ಮಾಡುವ ದುಡಿಮೆ. ದುರ್ಬಲನು ಬಲಶಾಲಿಯೊಡನೆ ಹೋರಾಡುವುದು, ದೊಡ್ಡ ಬಿಲ್ಲನ್ನು ಎಳೆಯುವುದು, ಮಿತಿಮೀರಿದ ಭಾರವನ್ನು ಹೊರುವುದು ಎಲ್ಲವೂ ಈ ಸಾಲಿಗೆ ಸೇರುತ್ತವೆ. ವ್ಯಾಯಾಮವನ್ನು ಹೊಗಳಿದ ವಾಗ್ಭಟರೂ ಅದನ್ನು ಅರ್ಧ ಶಕ್ತಿಯವರೆಗೆ ಮಾತ್ರ ಮಾಡಬೇಕೆಂದು ಮಿತಿ ಹಾಕಿದ್ದಾರೆ. ಹಣೆ, ಕಂಕುಳುಗಳಲ್ಲಿ ಬೆವರು ಮೂಡುವುದು, ಬಾಯಿ ಒಣಗುವುದು ಅರ್ಧ ಶಕ್ತಿ ವ್ಯಯವಾದುದರ ಗುರುತು.

ಸೊಂಟವು ವಾತದ ನೆಲೆಗಳಲ್ಲೊಂದು. ಪಕ್ವಾಶಯ, ಅಂದರೆ ದೊಡ್ಡಕರುಳು, ಅದರ ಪ್ರಧಾನ ನೆಲೆ. ಚಳಿ, ಒಣ ಆಹಾರ, ನಿದ್ದೆಗೇಡು, ಮಲಮೂತ್ರಗಳ ತಡೆ, ಅತಿಶ್ರಮ ಇವೆಲ್ಲ ವಾತವನ್ನು ಕೆರಳಿಸುತ್ತವೆ. ಜಾತ್ರೆಯ ನಾಲ್ಕು ದಿನಗಳನ್ನು ನೋಡಿದರೆ ಈ ಎಲ್ಲವೂ ಒಟ್ಟಿಗೆ ಸೇರುತ್ತವೆ. ಪುಷ್ಯದ ಚಳಿಯಲ್ಲಿ ಬರಿನೆಲದ ಮೇಲೆ ಮಲಗುವುದು, ಹೊತ್ತು ತಪ್ಪಿದ ಊಟ, ನಡುರಾತ್ರಿಯವರೆಗೆ ದನಗಳ ಕಾವಲು, ಬೆಳಗಾಗುತ್ತಲೇ ಹುಲ್ಲು ನೀರು. ಸೊಂಟದಿಂದ ಹೊರಟು ತೊಡೆ, ಮೊಣಕಾಲು, ಮೀನಖಂಡ, ಪಾದದವರೆಗೆ ಇಳಿಯುವ ನೋವನ್ನು ಶಾಸ್ತ್ರವು ‘ಗೃಧ್ರಸಿ’ ಎಂದು ಕರೆದಿದೆ. ರೋಗಿಯ ನಡಿಗೆ ರಣಹದ್ದಿನ ನಡಿಗೆಯನ್ನು ಹೋಲುವುದರಿಂದ ಈ ಹೆಸರು ಎಂದು ಬಲ್ಲವರು ವಿವರಿಸುತ್ತಾರೆ. ಇಂದು ಸಯಾಟಿಕಾ ಎನ್ನುವುದು ಇದಕ್ಕೇ ಬಹಳ ಸಮೀಪ.

ಮುಂಜಾನೆಯ ಮೊದಲ ಗಳಿಗೆ

ಬೆಳಿಗ್ಗೆ ಎದ್ದಾಗ ನಮ್ಮ ಎತ್ತರ ರಾತ್ರಿಗಿಂತ ಒಂದೆರಡು ಸೆಂಟಿಮೀಟರ್ ಹೆಚ್ಚಿರುತ್ತದೆ ಎಂದರೆ ಅನೇಕರಿಗೆ ಅಚ್ಚರಿಯಾದೀತು. ರಾತ್ರಿ ಮಲಗಿದಾಗ ಡಿಸ್ಕುಗಳು ನೀರನ್ನು ಹೀರಿ ಉಬ್ಬಿಕೊಳ್ಳುವುದೇ ಇದಕ್ಕೆ ಕಾರಣ. ಗಾಳಿ ತುಂಬಿ ಬಿಗಿಯಾದ ಚಕ್ರದಂತೆ ಆ ಹೊತ್ತಿನಲ್ಲಿ ಅವು ಬಾಗಲು ಒಪ್ಪುವುದಿಲ್ಲ. ಬಲವಂತವಾಗಿ ಬಾಗಿಸಿದರೆ ಪೆಟ್ಟು ಬೀಳುವುದು ಸುಲಭ. ಎದ್ದ ಮೇಲೆ ಒಂದೆರಡು ಗಂಟೆಯೊಳಗೆ ಈ ಬಿಗಿತ ಬಹುಪಾಲು ಇಳಿಯುತ್ತದೆ. ಬಹುಕಾಲದ ಸೊಂಟನೋವಿನವರು ಮುಂಜಾನೆಯ ಬಾಗುವಿಕೆಯನ್ನು ಕಡಿಮೆ ಮಾಡಿದ್ದರಿಂದ ನೋವು ತಗ್ಗಿತೆಂದು ಅಮೆರಿಕದಲ್ಲಿ 1998ರಲ್ಲಿ ಪ್ರಕಟವಾದ ಅಧ್ಯಯನವೊಂದು ತಿಳಿಸಿದೆ.

ನಮ್ಮ ಕಡೆಯ ಹೈನುಗಾರಿಕೆಯ ಮನೆಗಳನ್ನು ನೋಡಿ. ನಸುಕಿನಲ್ಲೇ ಎದ್ದು, ಕಣ್ಣುಜ್ಜಿಕೊಳ್ಳುತ್ತಲೇ ಕೊಟ್ಟಿಗೆಗೆ ಹೋಗಿ, ಬಾಗಿ ಸಗಣಿ ಬಾಚಿ, ತುಂಬಿದ ಮಂಕರಿಯನ್ನು ಎತ್ತಿ ತಿಪ್ಪೆಗೆ ಒಯ್ಯುವ ತಾಯಂದಿರು ಎಷ್ಟು ಮಂದಿ! ಬೆನ್ನು ಅತ್ಯಂತ ಬಿಗಿಯಾಗಿರುವ ಗಳಿಗೆಯಲ್ಲಿಯೇ ಅತ್ಯಂತ ಕಷ್ಟದ ಕೆಲಸ ಬಂದು ಕೂಡುತ್ತದೆ. ಹಾಲಿನ ಹೊತ್ತನ್ನು ಮುಂದೂಡಲು ಬಾರದು, ನಿಜ. ಕೆಲಸಗಳ ಕ್ರಮವನ್ನು ಬದಲಿಸಲು ಬರುತ್ತದೆ. ಎದ್ದೊಡನೆ ಮೊದಲು ಹತ್ತು ನಿಮಿಷ ಅಂಗಳದಲ್ಲಿ ನಡೆದಾಡಿ. ಕುಳಿತು ಹಾಲು ಕರೆಯುವುದನ್ನು ಮೊದಲಿಗೂ, ಸಗಣಿ ಎತ್ತುವುದು, ಚೀಲ ಸರಿಸುವುದು ಮೊದಲಾದವನ್ನು ಕೊನೆಗೂ ಇಟ್ಟುಕೊಳ್ಳಿ. ಹಾಲು ಕರೆಯುವಾಗ ಗಿಡ್ಡನೆಯ ಮಣೆಯ ಮೇಲೆ ಕುಳಿತು, ಹಸುವಿನ ಸಮೀಪಕ್ಕೆ ಸರಿದು, ಬೆನ್ನು ನೇರವಾಗಿರುವಂತೆ ನೋಡಿಕೊಳ್ಳಿ. ಮಂಕರಿಯನ್ನು ಅರ್ಧ ತುಂಬಿಸಿ ಎರಡು ಸಲ ಒಯ್ಯಿರಿ.

ಇನ್ನೊಂದು ಎಚ್ಚರ ದೂರಪ್ರಯಾಣದವರಿಗೆ. ಬೆಂಗಳೂರಿನಿಂದ ಘಾಟಿಗೆ ಸುಮಾರು 60 ಕಿಲೋಮೀಟರ್. ಅಷ್ಟು ಹೊತ್ತು ಕಾರಿನಲ್ಲೋ ಬಸ್ಸಿನಲ್ಲೋ ಕುಗ್ಗಿ ಕುಳಿತು ಬಂದಾಗ ಬೆನ್ನಿನ ಕೀಲುಗಳ ಕಟ್ಟುಗಳು ಹಿಗ್ಗಿ ಸಡಿಲವಾಗಿರುತ್ತವೆ. ಇಳಿದ ಕ್ಷಣವೇ ಡಿಕ್ಕಿಗೆ ಬಾಗಿ ಸಾಮಾನಿನ ಚೀಲ ಎತ್ತುವುದು ಅಪಾಯ. ಐದು ನಿಮಿಷ ನಿಂತು, ನಡೆದು, ಸೊಂಟದ ಮೇಲೆ ಕೈಯಿಟ್ಟು ಮೆಲ್ಲಗೆ ಹಿಂದಕ್ಕೆ ಬಾಗಿ, ಆಮೇಲೆ ಕೈಹಾಕಿ.

ಎತ್ತುವ ಕ್ರಮ

ಹೊರೆಯನ್ನು ಎತ್ತುವುದು ಒಂದು ವಿದ್ಯೆ. ಅದರ ಹೆಜ್ಜೆಗಳು ಇವು.

1. ಮೊದಲು ತೂಗಿ ನೋಡಿ. ಚೀಲದ ಒಂದು ಮೂಲೆಯನ್ನು ಸ್ವಲ್ಪ ಅಲುಗಿಸಿದರೆ ಭಾರ ತಿಳಿಯುತ್ತದೆ. ಒಯ್ಯುವ ದಾರಿಯಲ್ಲಿ ಕಲ್ಲು, ಹಗ್ಗ, ಕೆಸರು ಇದ್ದರೆ ಮೊದಲೇ ಸರಿಪಡಿಸಿ.

2. ಹೊರೆಯ ಹತ್ತಿರಕ್ಕೆ ಹೋಗಿ, ಪಾದಗಳನ್ನು ಭುಜದ ಅಗಲಕ್ಕೆ ಇರಿಸಿ. ಒಂದು ಪಾದ ಸ್ವಲ್ಪ ಮುಂದಿರಲಿ.

3. ನಡುವಿನಿಂದ ಬಾಗಬೇಡಿ. ತೊಡೆಸಂದು ಮತ್ತು ಮೊಣಕಾಲುಗಳನ್ನು ಮಡಿಸಿ ಕೆಳಗಿಳಿಯಿರಿ. ಎದೆ ಮುಂದಕ್ಕೆ ನೋಡುತ್ತಿರಲಿ.

4. ಹೊರೆಯನ್ನು ಮೈಗೆ ತಾಗುವಷ್ಟು ಹತ್ತಿರಕ್ಕೆ ಎಳೆದುಕೊಳ್ಳಿ. ಎಲ್ಲ ಹೆಜ್ಜೆಗಳಲ್ಲಿ ಇದೇ ಮುಖ್ಯವಾದುದು. ಮೊಣಕಾಲು ಮಡಿಸಿಯೂ ಹೊರೆಯನ್ನು ದೂರ ಹಿಡಿದರೆ ಪ್ರಯೋಜನ ಕಡಿಮೆ.

5. ಹೊಟ್ಟೆಯ ಸ್ನಾಯುಗಳನ್ನು ಬಿಗಿಗೊಳಿಸಿ, ಉಸಿರನ್ನು ಮೆಲ್ಲಗೆ ಬಿಡುತ್ತ ಕಾಲಿನ ಬಲದಿಂದ ಏಳಿ. ಜಗ್ಗಿ ಎತ್ತಬೇಡಿ.

6. ತಿರುಗಬೇಕಾದರೆ ಪಾದಗಳನ್ನು ಎತ್ತಿಟ್ಟು ಇಡೀ ಮೈಯನ್ನು ತಿರುಗಿಸಿ. ಪಾದ ಊರಿದಲ್ಲೇ ಊರಿ ನಡುವನ್ನು ತಿರುಚುವುದು ಡಿಸ್ಕಿಗೆ ದೊಡ್ಡ ಶತ್ರು. ಗಾಡಿಯಿಂದ ಹುಲ್ಲಿನ ಹೊರೆ ಎಸೆಯುವವರು ಇದನ್ನು ವಿಶೇಷವಾಗಿ ನೆನಪಿಡಬೇಕು.

7. ಇಳಿಸುವಾಗಲೂ ಅದೇ ಕ್ರಮ. ಎತ್ತುವಾಗ ಎಚ್ಚರವಿದ್ದು ಇಳಿಸುವಾಗ ಕೈಬಿಡುವವರು ಬಹಳ.

ಇಬ್ಬರು ಸೇರಿ ಎತ್ತುವುದಾದರೆ ಎತ್ತರದಲ್ಲಿ ಸರಿಸಾಟಿಯಾದವರು ಜೊತೆಯಾಗಲಿ. ಒಬ್ಬರೇ ಕೂಗು ಹಾಕಲಿ, ಇಬ್ಬರೂ ಒಮ್ಮೆಲೇ ಎತ್ತಲಿ. ನಾಗರಶಿಲೆಯಂತಹ ಕಲ್ಲುಗಳನ್ನು ಸಾಗಿಸಲು ಕೈಗಾಡಿಯನ್ನು ಬಳಸುವುದರಿಂದ ಭಕ್ತಿಗೆ ಯಾವ ಕುಂದೂ ಬಾರದು.

ಎಷ್ಟು ತೂಕ ಸರಿ ಎಂದು ಕೇಳುವವರಿದ್ದಾರೆ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯು 1967ರಲ್ಲಿ, ವಯಸ್ಕ ಗಂಡಸು ಕೈಯಿಂದ ಹೊರುವ ಭಾರ 55 ಕಿಲೋ ಮೀರಬಾರದೆಂದೂ, ಹೆಂಗಸರಿಗೆ ಹಾಗೂ ಎಳೆಯರಿಗೆ ಅದಕ್ಕಿಂತ ಬಹಳ ಕಡಿಮೆ ಇರಬೇಕೆಂದೂ ಶಿಫಾರಸು ಮಾಡಿತು. ಇದು ಮೀರಬಾರದ ಗಡಿಯೇ ಹೊರತು ಕ್ಷೇಮದ ಅಳತೆಯಲ್ಲ. ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆಯ ಸೂತ್ರದಂತೆ, ಹೊರೆ ಮೈಗೆ ಸಮೀಪವಾಗಿ, ಸೊಂಟದ ಮಟ್ಟದ ಆಸುಪಾಸಿನಲ್ಲಿ, ತಿರುಚದೆ ಎತ್ತುವಂತಿದ್ದರೂ 23 ಕಿಲೋ ಸಾಕು. ದೂರ, ತಿರುಚು, ಪದೇಪದೇ ಎತ್ತುವಿಕೆ ಸೇರಿದಂತೆಲ್ಲ ಆ ಮಿತಿ ಇಳಿಯುತ್ತ ಹೋಗುತ್ತದೆ. ನಮ್ಮ ಮನೆಗಳಿಗೆ ಬರುವ ಸಿಮೆಂಟ್ ಚೀಲ 50 ಕಿಲೋ. ರಾಗಿ, ಪಶು ಆಹಾರದ ಚೀಲಗಳೂ ಅಷ್ಟೇ ತೂಗುವುದು ಸಾಮಾನ್ಯ. ಅಂದರೆ ಕ್ಷೇಮದ ಅಳತೆಯ ಎರಡರಷ್ಟು. ಚೀಲವನ್ನು ಒಡೆದು ಎರಡು ಪಾಲು ಮಾಡಿಕೊಳ್ಳುವುದು, ನೆಲದ ಬದಲು ಕಟ್ಟೆಯ ಮೇಲೆ ಇಳಿಸಿಕೊಳ್ಳುವುದು, ತಳ್ಳುಗಾಡಿ ಇಟ್ಟುಕೊಳ್ಳುವುದು ಖರ್ಚಿಲ್ಲದ ಅಥವಾ ಅಲ್ಪ ಖರ್ಚಿನ ಉಪಾಯಗಳು.

ಹೊಲ, ಮನೆ, ಮಗ್ಗ

ರಾಗಿ ಕೊಯ್ಲಿನಲ್ಲಿ ಗಂಟೆಗಟ್ಟಲೆ ಬಾಗಿರುವವರು ಅರ್ಧ ಗಂಟೆಗೊಮ್ಮೆ ಎದ್ದು ನಿಂತು, ಸೊಂಟದ ಮೇಲೆ ಕೈಯಿಟ್ಟು ಐದಾರು ಸಲ ಹಿಂದಕ್ಕೆ ಬಾಗಬೇಕು. ಒಂದು ನಿಮಿಷದ ಈ ಬಿಡುವಿನಿಂದ ಕೆಲಸ ಹಿಂದೆ ಬೀಳುವುದಿಲ್ಲ. ದೇವನಹಳ್ಳಿ, ದೊಡ್ಡಬಳ್ಳಾಪುರದ ದ್ರಾಕ್ಷಿ ತೋಟಗಳಲ್ಲಿ ತಲೆಯೆತ್ತಿ ಕೈಚಾಚಿ ದುಡಿಯುವವರ ಕಷ್ಟ ಇದರ ತಿರುವುಮುರುವು. ಅವರು ಗಟ್ಟಿಮುಟ್ಟಾದ ಮಣೆಯ ಮೇಲೆ ನಿಂತು ಚಪ್ಪರಕ್ಕೆ ಸಮೀಪವಾಗಬೇಕು, ನಡುನಡುವೆ ಕತ್ತನ್ನು ತಗ್ಗಿಸಿ ವಿಶ್ರಾಂತಿ ಕೊಡಬೇಕು.

ದೊಡ್ಡಬಳ್ಳಾಪುರ ವಿದ್ಯುತ್ ಮಗ್ಗಗಳ ಊರು. ಮಗ್ಗದ ಮುಂದೆ ನಿಂತೇ ಹೊತ್ತು ಕಳೆಯುವ ನೇಕಾರ ಬಂಧುಗಳು ಹರಿದ ಎಳೆಯನ್ನು ಕಟ್ಟಲು ದಿನಕ್ಕೆ ಎಷ್ಟೋ ಸಲ ಮುಂದಕ್ಕೆ ಬಾಗುತ್ತಾರೆ. ಒಂದು ಕಾಲನ್ನು ಗಿಡ್ಡ ಮಣೆಯ ಮೇಲೆ ಇಟ್ಟುಕೊಂಡು, ಆಗಾಗ ಕಾಲು ಬದಲಿಸುತ್ತ ನಿಂತರೆ ಸೊಂಟದ ಬಿಗಿತ ಕಡಿಮೆಯಾಗುತ್ತದೆ. ಬಾಗುವಾಗ ಒಂದು ಕೈಯನ್ನು ಮಗ್ಗದ ಚೌಕಟ್ಟಿಗೆ ಆನಿಸಿದರೆ ಮೈಭಾರದ ಒಂದಂಶವನ್ನು ಆ ತೋಳು ಹೊರುತ್ತದೆ. ಹಾಸಿನ ನೂಲು ಸುತ್ತಿದ ಬೀಮನ್ನು ಒಬ್ಬರೇ ಎತ್ತುವ ಸಾಹಸ ಬೇಡ.

ಮನೆಯಲ್ಲಿ ಗಿಡ್ಡ ಪೊರಕೆಯ ಬದಲು ಉದ್ದ ಹಿಡಿಯ ಪೊರಕೆ ಬಳಸುವುದು, ಬಟ್ಟೆ ಒಗೆಯುವ ಕಲ್ಲನ್ನು ಸೊಂಟದ ಮಟ್ಟಕ್ಕೆ ಕಟ್ಟಿಸುವುದು, ಒಂದು ದೊಡ್ಡ ಬಿಂದಿಗೆಯ ಬದಲು ಎರಡು ಸಣ್ಣ ಕೊಡಗಳನ್ನು ಎರಡೂ ಕೈಗಳಲ್ಲಿ ಸಮತೂಕವಾಗಿ ಒಯ್ಯುವುದು, ಗ್ಯಾಸ್ ಸಿಲಿಂಡರನ್ನು ಎತ್ತದೆ ಗಾಲಿಯ ಮಣೆಯ ಮೇಲೆ ಸರಿಸುವುದು, ಇವುಗಳಿಂದ ಎಷ್ಟೋ ಗೃಹಿಣಿಯರ ನೋವು ತಗ್ಗುತ್ತದೆ. ಹಾಸಿಗೆಯಿಂದ ಏಳುವಾಗ ನೇರವಾಗಿ ಎದ್ದು ಕೂರದೆ, ಮಗ್ಗುಲಿಗೆ ಹೊರಳಿ, ಕಾಲುಗಳನ್ನು ಕೆಳಗಿಳಿಸಿ, ಕೈಯೂರಿ ಏಳಿ. ಕಂಪ್ಯೂಟರಿನ ಮುಂದೆ ದುಡಿಯುವ ಮಕ್ಕಳಿಗೆ ಮುಕ್ಕಾಲು ಗಂಟೆಗೊಮ್ಮೆ ಎದ್ದು ನಡೆಯಲು ಹೇಳಿ. ಎಷ್ಟೇ ಒಳ್ಳೆಯ ಭಂಗಿಯೂ ಗಂಟೆಗಟ್ಟಲೆ ಒಂದೇ ಆಗಿದ್ದರೆ ಕೆಟ್ಟ ಭಂಗಿಯೇ.

ಪೂಜೆಯಲ್ಲಿ, ದಾಸೋಹದಲ್ಲಿ

ಇಷ್ಟಲಿಂಗ ಪೂಜೆಯಲ್ಲಿ ಬೆನ್ನು ನೇರವಾಗಿರಬೇಕೆಂದು ಹಿರಿಯರು ಹೇಳಿಕೊಟ್ಟಿದ್ದಾರೆ. ದೇಹಶಾಸ್ತ್ರದ ದೃಷ್ಟಿಯಿಂದಲೂ ಅದು ಸರಿಯಾದುದು. ಬರಿನೆಲದ ಮೇಲೆ ಕುಳಿತಾಗ ಬೆನ್ನು ಬಿಲ್ಲಾಗುವವರು ಮಡಿಸಿದ ಕಂಬಳಿಯನ್ನೋ ನಾಲ್ಕು ಬೆರಳೆತ್ತರದ ಮಣೆಯನ್ನೋ ಕೆಳಗಿಟ್ಟುಕೊಳ್ಳಲಿ. ಸೊಂಟವು ಮೊಣಕಾಲಿಗಿಂತ ಸ್ವಲ್ಪ ಮೇಲಿದ್ದರೆ ಬೆನ್ನು ತಾನಾಗಿ ನೇರವಾಗುತ್ತದೆ. ಕರಸ್ಥಲದ ಲಿಂಗವನ್ನು ನೋಡಲು ಕತ್ತನ್ನು ಬಗ್ಗಿಸುವುದಕ್ಕಿಂತ ಎಡಗೈಯನ್ನು ಎದೆಯ ಮಟ್ಟಕ್ಕೆ ಎತ್ತಿ ಹಿಡಿಯುವುದು ಮೇಲು. ಮೊಣಕಾಲು ಮಡಿಸಲಾರದ ವೃದ್ಧರು ಕುರ್ಚಿಯ ಮೇಲೆ ಕುಳಿತು ಪೂಜಿಸಬಹುದು. ಎದ್ದ ಬಳಿಕ ಸ್ನಾನ, ಆಮೇಲೆ ನೇರವಾಗಿ ಕುಳಿತ ಪೂಜೆ, ಅನಂತರ ಹೊರೆಯ ಕೆಲಸ ಎಂಬ ಕ್ರಮವನ್ನು ಪಾಲಿಸುವ ಮನೆಗಳಲ್ಲಿ ಮುಂಜಾನೆಯ ಬಿಗಿತ ಇಳಿಯಲು ಬೇಕಾದ ಬಿಡುವು ತಾನಾಗಿಯೇ ದೊರೆಯುತ್ತದೆ.

ಮಠದ ದಾಸೋಹದಲ್ಲಿ ಸೇವೆ ಸಲ್ಲಿಸುವ ಯುವಕರು, ತಾಯಂದಿರು ಒಂದು ಮಾತನ್ನು ಲಕ್ಷಿಸಬೇಕು. ಪಂಕ್ತಿಯಲ್ಲಿ ಬಡಿಸುವವರು ಒಂದು ಹೊತ್ತಿನಲ್ಲಿ ನೂರಾರು ಸಲ ಬಾಗುತ್ತಾರೆ. ಅದೂ ಒಂದು ಕೈಯಲ್ಲಿ ಸಾಂಬಾರಿನ ಬಕೆಟ್ ಹಿಡಿದು, ಒಂದು ಪಕ್ಕಕ್ಕೆ ತಿರುಚಿ! ಬಕೆಟ್ಟನ್ನು ಅರ್ಧ ಮಾತ್ರ ತುಂಬಿಸಿ. ಉದ್ದ ಹಿಡಿಯ ಸೌಟು ಬಳಸಿ. ಒಂದು ಪಂಕ್ತಿಗೆ ಬಲಗೈ, ಮುಂದಿನದಕ್ಕೆ ಎಡಗೈ ಎಂದು ಬದಲಿಸಿ. ಎರಡು ಪಂಕ್ತಿಗಳಾದ ಮೇಲೆ ಬೇರೊಬ್ಬರಿಗೆ ಒಪ್ಪಿಸಿ. ಅನ್ನದ ಕೊಪ್ಪರಿಗೆಯನ್ನು ಇಳಿಸಲು ನಾಲ್ವರು ಬೇಕಿದ್ದಲ್ಲಿ ಇಬ್ಬರೇ ಕೈಹಾಕಬೇಡಿ. ಬಿಸಿ ಗಂಜಿಯ ಭಯದಿಂದ ಪಾತ್ರೆಯನ್ನು ಮೈಯಿಂದ ದೂರ ಹಿಡಿಯುವುದು ಸಹಜ. ಆದುದರಿಂದಲೇ ಅಲ್ಲಿ ಕೈಗಳು ಹೆಚ್ಚು ಬೇಕು.

ಆಯ್ದಕ್ಕಿ ಮಾರಯ್ಯನವರು ದಿನದ ಅಗತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ತಂದಾಗ ಲಕ್ಕಮ್ಮನವರು ಅದನ್ನು ಹಿಂದಿರುಗಿಸಿ ಬರಲು ಹೇಳಿದ ಪ್ರಸಂಗ ಎಲ್ಲರಿಗೂ ತಿಳಿದುದೇ. ಸಂಗ್ರಹಕ್ಕೆ ಹೇಗೆ ಮಿತಿಯುಂಟೋ ಶ್ರಮಕ್ಕೂ ಹಾಗೆಯೇ ಮಿತಿಯುಂಟೆಂದು ನಾವು ಆ ಪ್ರಸಂಗದಿಂದ ತಿಳಿದುಕೊಳ್ಳಬಹುದು. ಒಂದು ದಿನದಲ್ಲಿ ಎರಡು ದಿನದ ಹೊರೆ ಹೊತ್ತು ಮೂರು ತಿಂಗಳು ಮಲಗುವುದರಿಂದ ಕಾಯಕವು ನಿಲ್ಲುತ್ತದೆಯೇ ಹೊರತು ಬೆಳೆಯುವುದಿಲ್ಲ.

ನೋವು ಬಂದಾಗ

ಹಠಾತ್ತನೆ ಬಂದ ಸೊಂಟನೋವು ಬಹುಮಂದಿಯಲ್ಲಿ ಆರು ವಾರಗಳೊಳಗೆ ಬಹುಮಟ್ಟಿಗೆ ಶಮನವಾಗುತ್ತದೆ. ಭಯ ಬೇಡ. ತೀವ್ರ ನೋವಿದ್ದಾಗ ಒಂದೆರಡು ದಿನ ವಿಶ್ರಾಂತಿ ಸಾಕು. ಮಲಗುವಾಗ ಮೊಣಕಾಲ ಕೆಳಗೆ ದಿಂಬಿರಲಿ, ಮಗ್ಗುಲಾದರೆ ಮೊಣಕಾಲುಗಳ ನಡುವೆ ಇರಲಿ. ಆಮೇಲೆ ದಿನಕ್ಕೆ ಮೂರು ನಾಲ್ಕು ಸಲ, ಸಹಿಸುವಷ್ಟು ನಡೆಯಿರಿ. ವಾರಗಟ್ಟಲೆ ಹಾಸಿಗೆ ಹಿಡಿದರೆ ಬೆನ್ನನ್ನು ಕಾಯುವ ಸ್ನಾಯುಗಳೇ ಕರಗುತ್ತವೆ.

ಬೆಚ್ಚಗಿನ ಎಳ್ಳೆಣ್ಣೆಯನ್ನೋ ಮಹಾನಾರಾಯಣ ತೈಲವನ್ನೋ ಮೃದುವಾಗಿ ಸವರಿ, ಬಿಸಿನೀರಿನ ಶಾಖ ಕೊಡುವುದು ಹಿತ. ನೋವಿರುವ ಬೆನ್ನನ್ನು ಬಲವಾಗಿ ತಿಕ್ಕಿಸುವುದು, ತುಳಿಸುವುದು, ಬಲ್ಲವರಲ್ಲದವರಿಂದ ಜಗ್ಗಿಸುವುದು ಸಲ್ಲದು. ಕಟಿಬಸ್ತಿ, ಬಸ್ತಿಕರ್ಮಗಳನ್ನು ವೈದ್ಯರು ಪರೀಕ್ಷಿಸಿ ನಿರ್ಧರಿಸಬೇಕು. ಗುಗ್ಗುಳು ಸೇರಿದ ಗುಳಿಗೆಗಳನ್ನಾಗಲಿ ಅಂಗಡಿಯ ನೋವಿನ ಮಾತ್ರೆಗಳನ್ನಾಗಲಿ ತಾವಾಗಿಯೇ ತಿಂಗಳುಗಟ್ಟಲೆ ನುಂಗಬಾರದು. ನೋವಿನ ಮಾತ್ರೆಗಳು ಜಠರಕ್ಕೂ ಮೂತ್ರಪಿಂಡಕ್ಕೂ ಕೆಡುಕು ಮಾಡಬಲ್ಲವು. ಮಲಬದ್ಧತೆಯಾಗದಂತೆ ಸೊಪ್ಪು, ತರಕಾರಿ, ಬಿಸಿನೀರು, ಊಟದಲ್ಲಿ ಸ್ವಲ್ಪ ತುಪ್ಪ ಇರಲಿ. ಬಹುಕಾಲದ ಸೊಂಟನೋವಿನ ಬಗ್ಗೆ ವಿಶ್ವ ಆರೋಗ್ಯ ಸಂಸ್ಥೆಯು 2023ರ ಡಿಸೆಂಬರಿನಲ್ಲಿ ಹೊರಡಿಸಿದ ಮಾರ್ಗಸೂಚಿಯು ತಿಳಿವಳಿಕೆ ಮತ್ತು ವ್ಯಾಯಾಮಗಳಿಗೆ ಒತ್ತು ಕೊಟ್ಟಿದೆ. ಸೊಂಟದ ಬೆಲ್ಟನ್ನು ನಿತ್ಯದ ಚಿಕಿತ್ಸೆಯಾಗಿ ಅದು ಒಪ್ಪುವುದಿಲ್ಲ.

ಎಂ.ಆರ್.ಐ. ಚಿತ್ರದಲ್ಲಿ ಡಿಸ್ಕ್ ಉಬ್ಬಿದೆ ಎಂದು ಓದಿ ಎದೆಗುಂದುವವರಿಗೆ ಒಂದು ಮಾತು. ಯಾವ ನೋವೂ ಇಲ್ಲದವರ ಚಿತ್ರಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ 2015ರಲ್ಲಿ ಪ್ರಕಟಿಸಿದ ವರದಿಯಂತೆ, ಇಪ್ಪತ್ತರ ವಯಸ್ಸಿನವರಲ್ಲಿ ಶೇ. 30 ಮಂದಿಗೂ ಎಂಬತ್ತರವರಲ್ಲಿ ಶೇ. 84 ಮಂದಿಗೂ ಡಿಸ್ಕ್ ಉಬ್ಬಿತ್ತು. ಚಿತ್ರವನ್ನು ನೋಡಿ ರೋಗಿಯನ್ನು ಅಳೆಯಬಾರದು, ರೋಗಿಯನ್ನು ನೋಡಿ ಚಿತ್ರವನ್ನು ಅಳೆಯಬೇಕು.

ನೋವು ಇಳಿದ ಮೇಲೆ ನಿತ್ಯವೂ ಇಪ್ಪತ್ತು ಮೂವತ್ತು ನಿಮಿಷಗಳ ನಡಿಗೆ, ಸೇತುಬಂಧಾಸನ, ಭುಜಂಗಾಸನ, ಮಾರ್ಜಾಲಾಸನಗಳನ್ನು ಬಲ್ಲವರಿಂದ ಕಲಿತು ಮಾಡಬಹುದು. ಕಾಲಿಗೆ ಇಳಿಯುವ ನೋವಿದ್ದಾಗ ಮುಂದಕ್ಕೆ ಬಾಗುವ ಆಸನಗಳನ್ನು ಮಾಡಬಾರದು.

ತಡಮಾಡಬಾರದ ಲಕ್ಷಣಗಳು

ಕೆಳಗಿನವುಗಳಲ್ಲಿ ಯಾವುದು ಕಂಡರೂ ಎಣ್ಣೆ, ಕಷಾಯಗಳಲ್ಲಿ ಕಾಲ ಕಳೆಯಬಾರದು.

ಮೂತ್ರ ಕಟ್ಟುವುದು ಅಥವಾ ಅರಿವಿಲ್ಲದೆ ಹೋಗುವುದು, ಮಲದ ಹತೋಟಿ ತಪ್ಪುವುದು, ತೊಡೆಸಂದು ಹಾಗೂ ಗುದದ ಸುತ್ತ ಜೋಮು ಹಿಡಿಯುವುದು, ಪಾದ ಎತ್ತಲಾಗದೆ ಚಪ್ಪಲಿ ಜಾರುವುದು. ಇವು ನರಗಳ ಗುಚ್ಛವೇ ಒತ್ತಲ್ಪಟ್ಟಿರುವುದರ ಸೂಚನೆಗಳಾಗಿರಬಹುದು. ಅದೇ ದಿನ, ಸಾಧ್ಯವಾದರೆ ಅದೇ ಗಂಟೆ ದೊಡ್ಡ ಆಸ್ಪತ್ರೆಗೆ ಹೋಗಬೇಕು.

ಸಂಜೆಯ ಜ್ವರ, ತೂಕ ಇಳಿಯುವಿಕೆ, ರಾತ್ರಿಯೂ ಬಿಡದ ಬೆನ್ನುನೋವು ಇದ್ದರೆ ಬೆನ್ನುಮೂಳೆಯ ಕ್ಷಯ ಮೊದಲಾದ ರೋಗಗಳಿಗಾಗಿ ಪರೀಕ್ಷೆ ಆಗಬೇಕು. ಹಿಂದೆ ಕ್ಯಾನ್ಸರ್ ಆಗಿದ್ದವರು, ಮುಟ್ಟು ನಿಂತ ಮೇಲೆ ಬಿದ್ದು ಬೆನ್ನುನೋವಾದ ತಾಯಂದಿರು ತಡಮಾಡಬಾರದು. ಅಂತಹ ತಾಯಂದಿರಲ್ಲಿ ಮೂಳೆ ಸವೆದು, ಸಣ್ಣ ಪೆಟ್ಟಿಗೂ ಕಶೇರುಕ ಕುಸಿದಿರಬಹುದು.

ನಲವತ್ತರ ಆಸುಪಾಸಿನ ರೈತರೊಬ್ಬರು ಜಾತ್ರೆಯ ಮರುವಾರ ನಮ್ಮಲ್ಲಿಗೆ ತೈಲ ಕೇಳಿಕೊಂಡು ಬಂದಿದ್ದರು. ಕಾಲುನೋವಿನ ಮಾತಾದ ಮೇಲೆ ಮೂತ್ರದ ವಿಚಾರ ಕೇಳಿದೆವು. ಹಿಂದಿನ ರಾತ್ರಿಯಿಂದ ಸರಿಯಾಗಿ ಹೋಗುತ್ತಿಲ್ಲವೆಂದೂ, ಕುಳಿತ ಜಾಗ ಮರಗಟ್ಟಿದಂತಿದೆಯೆಂದೂ, ನಾಚಿಕೆಯಿಂದ ಮನೆಯಲ್ಲಿ ಹೇಳಲಿಲ್ಲವೆಂದೂ ತಿಳಿಸಿದರು. ತೈಲ ಕೊಡದೆ ಕೂಡಲೇ ಬೆಂಗಳೂರಿಗೆ ಕಳುಹಿಸಿದೆವು. ಅಂದು ರಾತ್ರಿಯೇ ಶಸ್ತ್ರಚಿಕಿತ್ಸೆಯಾಯಿತು. ಇಂದು ಅವರು ಹೊಲಕ್ಕೆ ನಡೆದು ಹೋಗುತ್ತಾರೆ, ದನ ನೋಡಿಕೊಳ್ಳುತ್ತಾರೆ. ಮೂಟೆ ಮಾತ್ರ ಮಗ ಎತ್ತುತ್ತಾನೆ. ಇನ್ನೆರಡು ದಿನ ಆ ನಾಚಿಕೆ ಮುಂದುವರಿದಿದ್ದರೆ ಅವರು ಬಾಳಿಡೀ ಕೊಳವೆಯ ಆಸರೆಯಲ್ಲಿ ಇರಬೇಕಾಗಬಹುದಿತ್ತು. ದೇಹದ ಮಾತನ್ನು ವೈದ್ಯರ ಮುಂದೆ ಹೇಳಲು ಸಂಕೋಚ ಬೇಡವೆಂದು ನಾವು ಕೈಮುಗಿದು ಕೇಳಿಕೊಳ್ಳುತ್ತೇವೆ.

ಕಡೆಯ ಮಾತು

ಜಗತ್ತಿನಲ್ಲಿ 2020ರ ವೇಳೆಗೆ ಸುಮಾರು 61 ಕೋಟಿ 90 ಲಕ್ಷ ಜನರಿಗೆ ಸೊಂಟನೋವಿತ್ತೆಂದು ಅಂದಾಜು. ಮನುಷ್ಯನನ್ನು ದುಡಿಮೆಯಿಂದ ದೂರ ಮಾಡುವ ತೊಂದರೆಗಳಲ್ಲಿ ಅದೇ ಮೊದಲನೆಯದು. ನಮ್ಮ ಹಳ್ಳಿಗಳಲ್ಲಿ ಒಬ್ಬ ದುಡಿಯುವವನ ನಡು ಬಿದ್ದರೆ ಒಂದು ಸಂಸಾರದ ನಡುವೇ ಬೀಳುತ್ತದೆ. ವೈದ್ಯರ ಖರ್ಚಿಗಾಗಿ ಎತ್ತು ಮಾರಿದ ಮನೆಗಳು ಈ ಭಾಗದಲ್ಲಿಯೂ ಇವೆ.

ಆದುದರಿಂದ ಸದ್ಭಕ್ತರು ಇಂದಿನಿಂದಲೇ ಮೂರು ಮಾತುಗಳನ್ನು ಮನೆಯ ಎಲ್ಲರಿಗೂ ತಿಳಿಸಲಿ. ಹೊರೆಯನ್ನು ಮೈಗೆ ಹತ್ತಿರ ಹಿಡಿಯಬೇಕು. ನಡುವನ್ನು ತಿರುಚದೆ ಪಾದ ತಿರುಗಿಸಬೇಕು. ಎದ್ದ ಮೊದಲ ಗಳಿಗೆಯಲ್ಲಿ ಬೆನ್ನಿಗೆ ಭಾರ ಕೊಡಬಾರದು. ಈ ಸಲದ ಜಾತ್ರೆಗೆ ಹುಲ್ಲು ತುಂಬುವಾಗಲೇ ಇವನ್ನು ರೂಢಿಗೆ ತರಬಹುದು.